ಎಂಟನೆಯ ಗೆಣ್ಣು

ನಾನು ತಾಳ್ಮೆಯ ಹೆಂಗಸಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಇದು ನಾನು ತಾಳ್ಮೆಗೆಟ್ಟು ಆಡಬಾರದ್ದನ್ನು ಆಡಿದ ಒಂದು ಬೆಳಗಿನ ಕಥೆ.

ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಲಿಫ್ಟಿನ ಪಕ್ಕದ ಕೋಣೆ ನಮ್ಮದು. ವಂಶದಲ್ಲಿ ಇಳಿದು ಬರುವ ಕಾಯಿಲೆಗಳ ಬಗ್ಗೆ ಅಲ್ಲಿ ಸಲಹೆ ಕೊಡುತ್ತಾರೆ. ಬಂದವರ ಮನೆತನದ ನಕ್ಷೆ ಬರೆಯುವುದು ನನ್ನ ಕೆಲಸ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತೀರಿಕೊಂಡವರ ಮೇಲೆ ಒಂದು ಓರೆಗೆರೆ. ಮೊದಲು ಪೆನ್ಸಿಲ್ಲಿನಲ್ಲಿ ಕರಡು, ಆಮೇಲೆ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾದ ಪ್ರತಿ. ಪ್ರತಿ ಆದಮೇಲೆ ಕರಡನ್ನು ಹರಿದು ಬುಟ್ಟಿಗೆ ಹಾಕಬೇಕು. ಹನ್ನೊಂದು ವರ್ಷದಲ್ಲಿ ಎಷ್ಟು ಸಂಸಾರಗಳನ್ನು ಹರಿದು ಹಾಕಿದ್ದೇನೋ ಲೆಕ್ಕವಿಲ್ಲ.

ಸಲಹೆ ಕೊಡುವ ಮೇಡಂಗೆ ನಾನು ಬೆನ್ನ ಹಿಂದೆ ಇಟ್ಟ ಹೆಸರು ನಿಧಾನಮ್ಮ. ಬೇರೆಯವರು ಇಪ್ಪತ್ತು ನಿಮಿಷದಲ್ಲಿ ಮುಗಿಸುವುದಕ್ಕೆ ಇವರಿಗೆ ಒಂದು ಗಂಟೆ. ಫಾರಮ್ಮಿನ ಪ್ರಶ್ನೆಗಳೆಲ್ಲ ಮುಗಿದ ಮೇಲೆ, ಅದರಲ್ಲಿಲ್ಲದ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಿದ್ದರು: "ಕಷ್ಟ ಬಂದಾಗ ಏನನ್ನ ಹಿಡ್ಕೊಂಡು ನಿಲ್ತೀರ?" ಕೆಲವರು ದೇವರು ಅನ್ನುತ್ತಿದ್ದರು, ಕೆಲವರು ಹೆಂಡತಿ ಅನ್ನುತ್ತಿದ್ದರು. ಒಬ್ಬ ಮುದುಕ ನನ್ನ ರೇಡಿಯೋ ಅಂದಿದ್ದ. ಎಲ್ಲವನ್ನೂ ಅಷ್ಟೇ ಗಂಭೀರವಾಗಿ ಫಾರಮ್ಮಿನ ಕೆಳಗೆ ಬರೆದುಕೊಳ್ಳುತ್ತಿದ್ದರು.

"ಇದನ್ನ ಬರ್ಕೊಂಡ್ರೆ ರಕ್ತದಲ್ಲಿರೋದು ಬದಲಾಗುತ್ತಾ ಮೇಡಂ?" ಎಂದು ಒಮ್ಮೆ ಕೆಣಕಿದ್ದೆ.

"ಇಲ್ಲ. ನಾವು ಹೇಳೋದನ್ನ ಅವರು ಹೇಗೆ ತಡ್ಕೋತಾರೆ ಅಂತ ಗೊತ್ತಾಗುತ್ತೆ." ತಮಾಷೆಯೆಂದರೆ ಮೇಡಂ ಸ್ವತಃ ಎಂದೂ ಕೈಮುಗಿದವರಲ್ಲ. ಪ್ರಾರ್ಥನೆ ನನಗೆ ಬರಲ್ಲ ಎಂದು ಅವರೇ ಹೇಳುತ್ತಿದ್ದರು, ಈಜು ಬರಲ್ಲ ಅನ್ನುವ ಹಾಗೆ.

ಆ ದಿನ ಬಂದವರು ತಾಯಿ, ಮಗಳು. ಮಗಳು ಶಾಲೆಯ ಟೀಚರು, ಐದು ತಿಂಗಳ ಬಸುರಿ. ಅವಳ ಮೊದಲ ಮಗು ಗಂಡು. ಹುಟ್ಟಿದಾಗ ಗುಂಡುಗುಂಡಾಗಿದ್ದದ್ದು ಮೂರನೆಯ ದಿನ ಹಾಲು ಬಿಟ್ಟಿತು, ಎಬ್ಬಿಸಿದರೂ ಏಳದೆ ಮಲಗಿತು, ಐದನೆಯ ದಿನ ಹೋಯಿತು. ಸೋಂಕು ಎಂದು ಹೆರಿಗೆಯಾದ ಆಸ್ಪತ್ರೆಯ ಡಾಕ್ಟರು ಬರೆದಿದ್ದರು. ಈಗ ನೋಡುತ್ತಿದ್ದ ಡಾಕ್ಟರಿಗೆ ಯಾಕೋ ಅನುಮಾನ ಬಂದು ನಮ್ಮಲ್ಲಿಗೆ ಕಳಿಸಿದ್ದರು. ತಿಳಿಯಬೇಕಾದದ್ದು ಒಂದೇ. ಅದು ಕೆಟ್ಟ ಗಳಿಗೆಯೋ, ರಕ್ತದಲ್ಲೇ ಬಂದದ್ದೋ? ರಕ್ತದ್ದಾದರೆ ಹೊಟ್ಟೆಯಲ್ಲಿರುವ ಮಗುವೂ ಹಾಗೇ ಹೋಗಬಹುದು. ಆದರೆ ಮೊದಲೇ ಗೊತ್ತಿದ್ದರೆ ಉಳಿಸಿಕೊಳ್ಳಲು ದಾರಿಯಿದೆ.

ತಾಯಿಯ ಕಡೆಯ ನಕ್ಷೆ ಬರೆಯುತ್ತಾ ಹೋದೆ. "ನಿಮಗೆ ಮಕ್ಕಳೆಷ್ಟು?"

"ಇಬ್ಬರು ಹೆಣ್ಣುಮಕ್ಕಳು," ಎಂದರು ಆಕೆ.

"ಹುಟ್ಟಿ ಹೋದದ್ದು?"

ಉತ್ತರ ಬರಲಿಲ್ಲ. ಇಲ್ಲವೆಂದೇ ತಿಳಿದು ಎರಡು ವೃತ್ತ ಹಾಕಿ ಮುಂದೆ ಹೋದೆ. ತಪ್ಪು ಅಲ್ಲೇ ಆಯಿತು, ತಪ್ಪು ನನ್ನದು. ಹೇಳದಿರುವುದೂ ಇಲ್ಲವೆನ್ನುವುದೂ ಬೇರೆಬೇರೆ ಎಂದು ಹನ್ನೊಂದು ವರ್ಷದಲ್ಲಿ ನಾನು ಕಲಿತಿರಲಿಲ್ಲ.

ಕೊನೆಗೆ ನಿಧಾನಮ್ಮ ತಮ್ಮ ಪ್ರಶ್ನೆ ಕೇಳಿದರು. ಮಗಳು ನಕ್ಕಳು. "ನಮ್ಮಮ್ಮನ್ನ ಕೇಳಿ ಮೇಡಂ. ದಿನಾ ಬೆಳಿಗ್ಗೆ ಎದ್ದು ಬೆರಳ ಗೆಣ್ಣಿನ ಮೇಲೆ ನಮ್ಮನ್ನೆಲ್ಲ ಎಣಿಸಿ ದೇವರಿಗೆ ಒಪ್ಪಿಸ್ತಾಳೆ. ಒಬ್ಬರಿಗೆ ಒಂದು ಗೆಣ್ಣು. ಹೋದ ಮಗೂನೂ ಬಿಡಲ್ಲ."

"ಒಟ್ಟು ಎಷ್ಟು ಜನ?"

"ಅಪ್ಪ, ಅಕ್ಕ, ನಾನು, ಅಳಿಯಂದಿರಿಬ್ಬರು, ಅಕ್ಕನ ಮಗಳು, ನನ್ನ ಮಗು. ಏಳು."

ಮಗಳು ಹೇಳುತ್ತಿದ್ದಂತೆ ತಾಯಿಯ ಹೆಬ್ಬೆರಳು ಮಡಿಲಲ್ಲಿ ತಾನಾಗಿಯೇ ನಡೆಯುತ್ತಿತ್ತು. ಕಿರುಬೆರಳಲ್ಲಿ ಮೂರು, ಉಂಗುರಬೆರಳಲ್ಲಿ ಮೂರು, ನಡುಬೆರಳಲ್ಲಿ ಒಂದು. ಆಮೇಲೂ ಅದು ನಿಲ್ಲಲಿಲ್ಲ. ಇನ್ನೊಂದು ಗೆಣ್ಣಿಗೆ ಸರಿದು, ಅಲ್ಲಿ ನಿಂತಿತು. ಮೇಡಂ ನೋಡಿದರು, ನಾನೂ ನೋಡಿದೆ.

"ಎಂಟನೆಯವರು ಯಾರಮ್ಮ?" ಎಂದು ಮೇಡಂ ಮೆಲ್ಲಗೆ ಕೇಳಿದರು.

ಆಕೆ ಬೆರಳುಗಳನ್ನು ಮುಚ್ಚಿಕೊಂಡರು, ಬಾಯನ್ನೂ. ನನಗೆ ತಲೆ ಕೆಟ್ಟಿತು. "ಅಮ್ಮಾ, ಇಲ್ಲಿ ಮುಚ್ಚಿಟ್ರೆ ನಿಮ್ಮ ಮಗಳಿಗೇ ತೊಂದರೆ. ದೇವರು ಬಂದು ಈ ನಕ್ಷೆ ತುಂಬಲ್ಲ," ಅಂದುಬಿಟ್ಟೆ.

"ಸ್ವಲ್ಪ ನೀರು ತಗೊಂಡು ಬನ್ನಿ," ಎಂದರು ಮೇಡಂ ನನಗೆ. ಮೇಜಿನ ಮೇಲೆ ಜಗ್ಗಿನ ತುಂಬ ನೀರಿತ್ತು. ಅದನ್ನೇ ಎತ್ತಿಕೊಂಡು ಹೊರಗೆ ಹೋಗಿ, ಬಾಗಿಲ ಬಳಿ ಪೆದ್ದಿಯಂತೆ ನಿಂತು, ಅದೇ ಜಗ್ಗು ಹಿಡಿದು ಒಳಗೆ ಬಂದೆ. ಅಷ್ಟರಲ್ಲಿ ಆಕೆ ಬಾಯಿ ಬಿಟ್ಟಿದ್ದರು.

"ದೇವರಿಗೆ ಮಾತು ಕೊಟ್ಟಿದೀನಿ. ಸಾಯೋವರೆಗೂ ಬಾಯಲ್ಲಿ ಆಡಲ್ಲ, ಮುಂದೆ ಬರೋರನ್ನ ಕಾಪಾಡು ಅಂತ. ಅದಕ್ಕೇ ಇವಳೂ ಇವಳಕ್ಕನೂ ಉಳಿದಿರೋದು. ಮೂವತ್ತನಾಲ್ಕು ವರ್ಷ ಆಯ್ತು. ಈಗ ಆಡಿದ್ರೆ ಇವಳಿಗೇನಾದ್ರೂ ಆದ್ರೆ?"

ಮಗಳು ಕಕ್ಕಾಬಿಕ್ಕಿಯಾಗಿ ತಾಯಿಯನ್ನೇ ನೋಡುತ್ತಿದ್ದಳು. ಮೇಡಂ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಮಾತು ಮುರೀರಿ ಅಂತ ನಾನು ಕೇಳಲ್ಲಮ್ಮ. ನಾನು ಏನನ್ನ ಹುಡುಕ್ತಿದೀನಿ ಅಂತಷ್ಟೇ ಹೇಳ್ತೀನಿ. ಒಂದು ಕಾಯಿಲೆ ಇದೆ. ಹಾಲು ಜೀರ್ಣ ಆದಮೇಲೆ ಹುಟ್ಟೋ ವಿಷಾನ ಮಗುವಿನ ಮೈ ಹೊರಗೆ ಹಾಕೋಕಾಗಲ್ಲ. ಅದು ತಾಯಿ ಕಡೆಯಿಂದ ಇಳಿಯುತ್ತೆ. ಹೆಣ್ಣುಮಕ್ಕಳು ಹೊತ್ಕೊಂಡು ಸಾಗ್ತಾರೆ, ಹೆಚ್ಚಾಗಿ ಗಂಡುಮಕ್ಕಳೇ ಬೀಳ್ತಾರೆ. ನಿಮ್ಮ ಕಡೆ ಅಂಥದ್ದು ಇನ್ನೊಂದು ಆಗಿದ್ರೆ ನನಗೆ ದಾರಿ ಕಾಣುತ್ತೆ. ಯಾರಿಗೆ ಮಾತು ಕೊಟ್ಟಿದೀರೋ ಅವರನ್ನೇ ಕೇಳ್ಕೊಂಡು ಬನ್ನಿ. ಪಕ್ಕದ ಕೋಣೆ ಖಾಲಿ ಇದೆ."

ಪಕ್ಕದ ಕೋಣೆಯೆಂದರೆ ಹಳೆಯ ಫೈಲುಗಳ ಉಗ್ರಾಣ. ಆಕೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಐದು ನಿಮಿಷ, ಹತ್ತು, ಇಪ್ಪತ್ತು. ಹೊರಗೆ ಬೆಂಚಿನ ಮೇಲೆ ಆರು ಜನ ಗೊಣಗುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ. ಮೇಡಂ ಒಮ್ಮೆಯೂ ನೋಡಲಿಲ್ಲ. ತಮಗೇ ಬಾರದ ಪ್ರಾರ್ಥನೆಗಾಗಿ ಅಷ್ಟು ಹೊತ್ತು ಕೈಕಟ್ಟಿ ಕೂತವರನ್ನು ನಾನು ಬೇರೆ ಕಂಡಿಲ್ಲ.

ಬಾಗಿಲು ತೆರೆಯಿತು. ಆಕೆಯ ಕಣ್ಣು ಕೆಂಪಾಗಿತ್ತು, ಆದರೆ ನಡಿಗೆ ಗಟ್ಟಿಯಾಗಿತ್ತು. ಬಂದು ಕೂತು, ಏನೂ ಹೇಳದೆ ನನ್ನ ಕಡೆ ಕೈಚಾಚಿದರು. ಪೆನ್ಸಿಲ್ ಕೇಳುತ್ತಿದ್ದಾರೆಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು.

ಇಬ್ಬರು ಹೆಣ್ಣುಮಕ್ಕಳ ವೃತ್ತಗಳ ಎಡಕ್ಕೆ, ಎಲ್ಲರಿಗಿಂತ ಮೊದಲಿನ ಜಾಗದಲ್ಲಿ, ಆಕೆ ಒಂದು ಚೌಕ ಬರೆದರು. ಸೊಟ್ಟ ಚೌಕ. ಪಕ್ಕದ ಚೌಕಗಳನ್ನೂ ವೃತ್ತಗಳನ್ನೂ ನೋಡಿ, ಗೆರೆ ಯಾಕೆಂದು ಅರ್ಥ ಮಾಡಿಕೊಂಡು, ಮೊಮ್ಮಗನ ಚೌಕದ ಮೇಲಿದ್ದಂಥದೇ ಓರೆಗೆರೆಯನ್ನು ಅದರ ಮೇಲೂ ಎಳೆದರು. ಅದೊಂದು ಗೆರೆ ಎಳೆಯಲು ಬಹಳ ಹೊತ್ತು ಹಿಡಿಯಿತು.

"ಎಷ್ಟನೇ ದಿನ?" ಎಂದರು ಮೇಡಂ. ಆಕೆ ನಾಲ್ಕು ಬೆರಳು ತೋರಿಸಿದರು. "ಮೊದಲು ಹಾಲು ಕುಡೀತಿತ್ತಾ?" ಹೌದೆಂದು ತಲೆಯಾಡಿಸಿದರು. ಆಮೇಲೆ ಅಂಗೈ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದರು. ಮಗು ಹೇಗೆ ಮಲಗಿತೆಂದು ನಮಗೆಲ್ಲ ಗೊತ್ತಾಯಿತು. ಮಗಳು ತಾಯಿಯ ಬೆನ್ನ ಮೇಲೆ ಕೈಯಿಟ್ಟಳು. ನಾನು ಎದ್ದು ಹೋಗಿ ಈ ಸಲ ನಿಜವಾಗಿಯೂ ತಣ್ಣನೆಯ ನೀರು ತಂದೆ. "ತಪ್ಪಾಯ್ತಮ್ಮ," ಅಂದೆ. ಆಕೆ ನೀರು ಕುಡಿದು ಲೋಟವನ್ನು ನನ್ನ ಕೈಗೇ ಕೊಟ್ಟರು.

ರಕ್ತಪರೀಕ್ಷೆಯಲ್ಲಿ ಮೇಡಂ ಹೇಳಿದ ಕಾಯಿಲೆಯೇ ಬಂತು. ತಾಯಿಯೂ ಮಗಳೂ ಇಬ್ಬರೂ ಅದನ್ನು ಹೊತ್ತವರು. ಹೊಟ್ಟೆಗೆ ಸೂಜಿ ಹಾಕಿ ಮಗುವನ್ನು ಪರೀಕ್ಷಿಸುವುದು ಬೇಡ, ಹೇಗೇ ಇರಲಿ ಈ ಮಗು ನನಗೆ ಬೇಕು ಎಂದಳು ಮಗಳು. ಮೇಡಂ ವಾದಿಸಲಿಲ್ಲ. ಇದೆಯೆಂದೇ ತಿಳಿದು ತಯಾರಾಗೋಣ ಎಂದು ಮಕ್ಕಳ ಡಾಕ್ಟರು, ಔಷಧಿಯವರು, ಹೆರಿಗೆ ಕೋಣೆಯ ನರ್ಸು, ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿದರು.

ಹುಟ್ಟಿದ್ದು ಗಂಡು. ಕಾಯಿಲೆ ಇತ್ತು. ಮೊದಲ ಗಂಟೆಯಲ್ಲೇ ಔಷಧಿ ಶುರುವಾಯಿತು, ಹಾಲನ್ನು ಅಳೆದು ಕೊಟ್ಟರು. ಎರಡನೆಯ ದಿನ ರಕ್ತದಲ್ಲಿ ವಿಷ ಏರತೊಡಗಿತು, ಮೂರನೆಯ ದಿನ ಇಳಿಯಿತು. ಮುಂದೆ ಲಿವರ್ ಬದಲಿಸಬೇಕಾಗಬಹುದು, ದಾರಿ ಉದ್ದವಿದೆ, ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು.

ಆರನೆಯ ದಿನ ಮೇಡಂ ಜೊತೆ ನಾನೂ ವಾರ್ಡಿಗೆ ಹೋದೆ. ಮಗು ಹಸಿದು ಆಸ್ಪತ್ರೆ ಕಿತ್ತುಹೋಗುವಂತೆ ಅಳುತ್ತಿತ್ತು. ನರ್ಸುಗಳು ಅದನ್ನು ಕೇಳಿ ಖುಷಿಪಡುತ್ತಿದ್ದರು. ಅಜ್ಜಿ ಮಂಚದ ಪಕ್ಕ ಕೂತು ಗೆಣ್ಣು ಎಣಿಸುತ್ತಿದ್ದರು. ನಾನು ಕಣ್ಣಲ್ಲೇ ಲೆಕ್ಕ ಹಾಕಿದೆ. ನಡುಬೆರಳು ಪೂರ್ತಿಯಾಗಿ ಹೆಬ್ಬೆರಳು ಒಂಬತ್ತಕ್ಕೆ ನಿಂತಿತು.

ಬ್ಯಾಗಿನಿಂದ ಆ ಕರಡನ್ನು ತೆಗೆದು ಮಗಳ ಕೈಗೆ ಕೊಟ್ಟೆ. ಹರಿಯಲು ನನಗೆ ಮನಸ್ಸಾಗಿರಲಿಲ್ಲ. ಮೇಡಂ ನನ್ನತ್ತ ಒಮ್ಮೆ ನೋಡಿದರು.

ಮಗಳು ಸೊಟ್ಟ ಚೌಕವನ್ನು ಬೆರಳಲ್ಲಿ ಸವರಿದಳು. "ಅಮ್ಮ, ನೀನು ಆಡ್ಬೇಡ. ಮಾತು ಕೊಟ್ಟಿರೋಳು ನೀನು, ನಾನಲ್ಲ." ಮಗುವನ್ನು ತಾಯಿಯ ಕಡೆ ತಿರುಗಿಸಿ ಹಿಡಿದಳು. "ಇವನು ನನ್ನಣ್ಣನ ಥರಾನೇ ಇದಾನಾ?"

ಅಣ್ಣ. ಮೂವತ್ತನಾಲ್ಕು ವರ್ಷದಲ್ಲಿ ಆ ಮಗುವನ್ನು ಯಾರಾದರೂ ಕರೆದದ್ದು ಅದೇ ಮೊದಲು. ಅಜ್ಜಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು, ಮಾತು ಎಲ್ಲಿ ಹೊರಗೆ ಬಂದುಬಿಡುತ್ತದೋ ಎಂದು. ಹಾಗೇ ಮುಚ್ಚಿಕೊಂಡು, ಅಳುತ್ತಳುತ್ತಲೇ, ಹೌದು ಹೌದು ಎಂದು ತಲೆಯಾಡಿಸಿದರು.