ಗೇಟಿನ ಮುಂದಿನ ಆಂಬುಲೆನ್ಸ್

ಜೈಲಿನಲ್ಲಿ ಎದೆನೋವು ಬರದ ಗಂಡಸೇ ಇಲ್ಲ. ಆಸ್ಪತ್ರೆ ಎಂದರೆ ಮಂಚ, ಫ್ಯಾನು, ಕಿಟಕಿಯಾಚೆ ರಸ್ತೆ, ಯಾರಿಗೆ ಬೇಡ? ಆಂಬುಲೆನ್ಸಿನಲ್ಲಿ ಆರು ವರ್ಷ ದುಡಿದು ಸಬ್‌ಜೈಲಿನ ಪ್ಯಾರಾಮೆಡಿಕ್ ಆಗಿ ಬಂದ ಕಾಂತರಾಜು ಮೊದಮೊದಲು ಎಲ್ಲರನ್ನೂ ನಂಬಿದ, ಬೇಸ್ತು ಬಿದ್ದ, ಜೈಲರ್ ವಿಶ್ವಾರಾಧ್ಯರಿಂದ ಬೈಸಿಕೊಂಡ. ಆಮೇಲೆ ಜಾಣನಾದ. ಎದೆ ಹಿಡಿದು ಬಂದವರಿಗೆಲ್ಲ ಒಂದು ಮಾತ್ರೆ, ರಿಜಿಸ್ಟರಿನಲ್ಲಿ ‘ಗ್ಯಾಸ್ಟ್ರಿಕ್’ ಎಂಬ ಒಂದು ಪದ.

ಆ ಗುರುವಾರ ಬೆಳಿಗ್ಗೆ ಬಂದವನು ರಂಗಪ್ಪ. ಯಗಟಿ ಕಡೆಯವನು, ಕುರಿ ಸಾಕಿಕೊಂಡಿದ್ದವನು. ಯಾರದೋ ಹೊಲಕ್ಕೆ ಕುರಿ ನುಗ್ಗಿದ ಜಗಳದಲ್ಲಿ ಕೋಲೆತ್ತಿ ಒಳಗೆ ಬಂದು ಎರಡು ತಿಂಗಳಾಗಿತ್ತು, ಕೇಸಿನ್ನೂ ನಡೆಯುತ್ತಿತ್ತು. ಅವನಿಗೂ ಅದೇ ಮಾತ್ರೆ, ಅದೇ ಪದ.

ಮಧ್ಯಾಹ್ನ ಬ್ಯಾರಕ್ಕಿನಿಂದ ಕೂಗು ಬಂತು. ರಂಗಪ್ಪ ಬೆವರಿನಲ್ಲಿ ತೊಯ್ದುಹೋಗಿದ್ದ, ಎಡಗೈ ಎತ್ತಲು ಆಗುತ್ತಿರಲಿಲ್ಲ. ಕಾಂತರಾಜು ನಾಡಿ ಹಿಡಿದು ನೋಡಿದ. ಇದು ಹೃದಯದ್ದೇ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗಾಯಿತು. ಆಸ್ಪಿರಿನ್ ಅಗಿಸಿ ಫೋನ್ ಮಾಡಿದ. ಹಳೆಯ ಗೆಳೆಯರು ಹನ್ನೆರಡೇ ನಿಮಿಷಕ್ಕೆ ಆಂಬುಲೆನ್ಸ್ ತಂದು ಗೇಟಿಗೆ ನಿಲ್ಲಿಸಿದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಪೊಲೀಸ್ ಎಸ್ಕಾರ್ಟ್ ಇಲ್ಲದೆ ಕೈದಿ ಗೇಟು ದಾಟುವಂತಿಲ್ಲ. ಪೊಲೀಸರೆಲ್ಲ ಯಾರೋ ಮಂತ್ರಿಯ ಬಂದೋಬಸ್ತಿಗೆ ಹೋಗಿದ್ದರು. ಆಕ್ಸಿಜನ್ ಸಿಲಿಂಡರ್ ಒಳಗೆ ಬಂತು, ರೋಗಿ ಹೊರಗೆ ಹೋಗಲಿಲ್ಲ.

“ಏನು ಕಾಯಿಲೆ ಅಂತ ಕೇಳ್ತಿದಾರೆ ಕಣಯ್ಯ.” ಎಸ್ಕಾರ್ಟ್ ಕೇಳಲು ಪೊಲೀಸರಿಗೆ ಫೋನ್ ಹಚ್ಚಿದ್ದ ವಿಶ್ವಾರಾಧ್ಯರು ಅದಕ್ಕೆ ಕೈ ಅಡ್ಡ ಇಟ್ಟು ರಿಜಿಸ್ಟರ್ ತೋರಿಸಿದರು. “ಬೆಳಿಗ್ಗೆ ನೀನೇ ಗ್ಯಾಸ್ಟ್ರಿಕ್ ಅಂತ ಬರ್ದಿದೀಯ. ಈಗ ಹಾರ್ಟು ಅಂದ್ರೆ ಯಾರು ನಂಬ್ತಾರೆ?”

“ತಪ್ಪು ನಂದೇ ಸಾರ್. ನಮ್ ವಾರ್ಡರನ್ನೇ ಜೊತೆಗೆ ಕಳ್ಸಿ, ನಿಮ್ ಕಾಲಿಗೆ ಬೀಳ್ತೀನಿ.”

“ಅವ್ನು ಓಡೋದ್ರೆ ನನ್ ಕೆಲ್ಸ ಹೋಯ್ತದೆ ಕಣೋ.”

ಓಡಿಹೋಗಬೇಕಾಗಿದ್ದ ಮನುಷ್ಯ ನೆಲದ ಮೇಲೆ ಉಸಿರಿಗೆ ಒದ್ದಾಡುತ್ತಿದ್ದ. ಕಾಂತರಾಜು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ.

“ಗಾಬ್ರಿ ಬ್ಯಾಡಿ ಸಾರ್,” ರಂಗಪ್ಪನೇ ಸಮಾಧಾನ ಹೇಳಿದ. “ನೀವೇ ಹೇಳುದ್ರಲ್ಲ, ಬರೀ ಗ್ಯಾಸು ಅಂತ.”

ಒಂದೂವರೆ ಗಂಟೆ ಕಾದ ಮೇಲೆ ಉಸಿರು ನಿಂತಿತು. ಕಾಂತರಾಜು ಎದೆ ಒತ್ತಿದ, ತೋಳು ಸೋಲುವವರೆಗೂ ಒತ್ತಿದ. ಆಮೇಲೆ ಅಲ್ಲೇ ಕುಳಿತು ಅತ್ತ.

ಗೆಳೆಯರಿಗೆ ಹೇಳಬೇಕೆಂದು ಗೇಟಿನಾಚೆ ಬಂದ. ಕೈದಿಗಳ ಮನೆಯವರು ನೋಡಲು ಬರುವ ದಿನ ಅದು. ಆಂಬುಲೆನ್ಸಿನ ನೆರಳಲ್ಲಿ ಬುತ್ತಿ ಹಿಡಿದು ಕುಳಿತಿದ್ದ ಹೆಂಗಸೊಬ್ಬಳು ಅವನ ಬಿಳಿ ಕೋಟು ಕಂಡು ಎದ್ದಳು.

“ಒಳ್ಗೆ ಯಾರ್ಗೋ ಸೀರಿಯಸ್ಸು ಅಂತ ನಮ್ಮನ್ನೆಲ್ಲ ಇಲ್ಲೇ ಕೂರ್ಸುದ್ರು ಸಾರ್. ಗಾಡಿ ನಿಂತಲ್ಲೇ ನಿಂತೈತೆ, ವಾಸಿಯಾಯ್ತು ಅಂತ ಕಾಣ್ತದೆ. ಯಾವ ತಾಯಿ ಮಗನೋ, ದ್ಯಾವ್ರು ದೊಡ್ಡೋನು.” ಸೆರಗಿನಿಂದ ಮುಖ ಒರೆಸಿಕೊಂಡಳು. “ನಾನು ಹುಲಿಯಮ್ಮ, ರಂಗಪ್ಪನ ಹೆಂಡ್ತಿ. ಅವ್ರುನ್ನ ಒಸಿ ಬಿರ್ನೆ ಕರ್ಸ್ತೀರಾ? ಈ ಬಸ್ಸು ತಪ್ಪೋದ್ರೆ ಕಡೂರಲ್ಲಿ ಯಗಟಿ ಬಸ್ಸು ಸಿಕ್ಕಲ್ಲ.”