ಒಡೆದ ಬದು

ಫೋಟೋ ಚೆನ್ನಾಗಿ ಬರಲಿ, ಇನ್ನೊಂಚೂರು ಹಿಂದೆ ಹೋಗಿ ಎಂದವಳು ನಾನೇ. ಮಂಡ್ಯದ ಕಡೆ ಗದ್ದೆಯಲ್ಲೇ ಬೆಳೆದವಳಿಗೆ ಆಗಸ್ಟ್ ತಿಂಗಳ ಬದು ಹಸಿಯಾಗಿರುತ್ತದೆ ಎಂಬ ಬುದ್ಧಿ ಬೇಡವೇ? ನನ್ನ ಗಂಡ ಧನಂಜಯ ಬೂಟುಗಾಲಿಟ್ಟ, ಬದು ಕುಸಿಯಿತು, ಮೇಲಿನ ಗದ್ದೆಯ ನೀರು ಕೆಳಗಿನದಕ್ಕೆ ಧುಮುಕಿತು.

ಅರಕು ಕಣಿವೆಯ ಈ ಮೆಟ್ಟಿಲು ಗದ್ದೆ ನೋಡಲೆಂದೇ, ಧನಂಜಯನ ಬ್ಯಾಂಕಿದ್ದ ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಬಂದು, ಬೆಳಗಿನ ರೈಲು ಹತ್ತಿದ್ದೆವು. ೨೦೦೫ರ ಮಾತು. ನಮ್ಮ ಮದುವೆಯಾಗಿ ನಲವತ್ತು ದಿನವಾಗಿತ್ತು.

ಕೆಳಗಿನ ಗದ್ದೆಯಲ್ಲಿ ನಾಟಿಯಾಗಿ ಎರಡು ದಿನವೂ ಆಗಿರಲಿಲ್ಲ. ಬೇರು ಹಿಡಿಯದ ಪೈರು ನೀರಿನ ಹೊಡೆತಕ್ಕೆ ಕಿತ್ತು ತೇಲತೊಡಗಿತು. ನಾನು ಬಾಚಿ ಬಾಚಿ ಹಾಕಿದ ಮಣ್ಣೆಲ್ಲ ಕೊಚ್ಚಿಹೋಯಿತು. ಬೇರೆ ದಾರಿ ಕಾಣದೆ ಒಡೆದ ಜಾಗದಲ್ಲಿ ನಾನೇ ಕೂತುಬಿಟ್ಟೆ. ಹರಿವು ಅರ್ಧ ನಿಂತಿತು.

“ಹರಿಣೀ, ಏನ್ ಹುಚ್ಚಾಟ ಇದು? ಏಳು! ಇನ್ನರ್ಧ ಗಂಟೆಗೆ ಟ್ರೈನು. ನಾಳೆ ಬ್ಯಾಂಕಲ್ಲಿ ಇನ್‌ಸ್ಪೆಕ್ಷನ್ನು.”

“ನಾನ್ ಎದ್ರೆ ಪೈರೆಲ್ಲ ಹೊಂಟೋಯ್ತದೆ ಕಣ್ರೀ.”

“ಯಾರೂ ನೋಡಿಲ್ಲ, ಬಾ.”

“ನಾನ್ ನೋಡಿದ್ದೀನಲ್ಲ!” ಎಂದು ಕಿರುಚಿದೆ. “ಅಕೋ, ಅಲ್ಲಿ ಮನೆ ಅವೆ. ಗುದ್ದಲಿ ಇರೋರು ಒಬ್ರು ಸಿಕ್ರೆ ಸಾಕು, ಓಡಿ.”

“ಸರಿ ತಾಯಿ, ಕರ್ಕೊಂಡ್ ಬರ್ತೀನಿ,” ಎಂದು ಓಡಿದ. ನಮ್ಮಿಬ್ಬರಿಗೂ ಇದ್ದ ಒಂದೇ ಮೊಬೈಲು ಅವನ ಜೇಬಿನಲ್ಲಿತ್ತು.

ಮೇಲಿನಿಂದ ಎಲ್ಲವೂ ಕಾಣುತ್ತಿತ್ತು. ಮೂರು ಮನೆ, ಅದರಾಚೆ ಸ್ಟೇಷನ್ನು. ಅವನ ಕೆಂಪು ಟೋಪಿ ಮೊದಲ ಮನೆ ದಾಟಿತು. ಬಾಗಿಲು ಹಾಕಿದೆಯೇನೋ ಅಂದುಕೊಂಡೆ. ಎರಡನೆಯದರ ಮುಂದೆ ಒಬ್ಬಾಕೆ ಬಟ್ಟೆ ಒಣಹಾಕುತ್ತಿದ್ದಳು. ಅಲ್ಲೂ ನಿಲ್ಲಲಿಲ್ಲ. “ರೀ, ನಿಲ್ಲಿ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಮೂರನೆಯದನ್ನೂ ದಾಟಿ ಟೋಪಿ ನೆಟ್ಟಗೆ ಪ್ಲಾಟ್‌ಫಾರ್ಮಿನ ಕಡೆ ಹೋಯಿತು. ಅಯ್ಯೋ ಶಿವನೇ, ನನ್ನನ್ನು ಬಿಟ್ಟೇ ಹೋಗುತ್ತಾನೆಯೇ? ರೈಲು ಕೂಗುತ್ತ ಬಂದು ನಿಂತಿತು, ಕೆಂಪು ಟೋಪಿ ಒಂದು ಬೋಗಿಯೊಳಗೆ ಹೊಕ್ಕಿತು.

ನನ್ನ ಕೂಗು ಕೇಳಿ ಬಟ್ಟೆ ಒಣಹಾಕುತ್ತಿದ್ದಾಕೆಯೇ ಗುದ್ದಲಿ ಹಿಡಿದು ಏರಿ ಬಂದಳು. ಬೈಯುತ್ತಾಳೆಂದು ಕಣ್ಣು ಮುಚ್ಚಿದೆ. ಅವಳು ನನ್ನ ಎರಡೂ ಪಕ್ಕಕ್ಕೆ ಹುಲ್ಲುಹೆಂಟೆ ಬಿಗಿದು, “ಇಪ್ಪುಡು ಲೇಮ್ಮಾ” ಎಂದು ಕೈಹಿಡಿದು ಎಬ್ಬಿಸಿದಳು. ಎದ್ದ ಜಾಗಕ್ಕೆ ಮಣ್ಣು ಮೆತ್ತಿದಳು. ಆಮೇಲೆ ಇಬ್ಬರೂ ಕೆಳಗಿಳಿದು, ತೇಲುತ್ತಿದ್ದ ಪೈರು ಹೆಕ್ಕಿ ನೆಡತೊಡಗಿದೆವು.

ಜೊತೆಗೆ ಯಾರು ಬಂದಿದ್ದಾರೆ ಎಂದು ಅವಳು ತೆಲುಗಿನಲ್ಲಿ ಕೇಳಿದಳು. ರೈಲು ತಿರುವಿನಲ್ಲಿ ಮರೆಯಾಗುತ್ತಿತ್ತು.

ಯಾರೂ ಇಲ್ಲ ಎಂದೆ, ನನಗೆ ಬಂದಷ್ಟು ತೆಲುಗಿನಲ್ಲಿ. ಇನ್ನೊಂದು ಹಿಡಿ ಪೈರು ಎತ್ತಿಕೊಂಡು ಮುಂದಿನ ಸಾಲಿಗೆ ಬಗ್ಗಿದೆ.