ವೆಂದೆಲ್ ಮೇಷ್ಟ್ರು ಕೊಟ್ಟ ಏಕವಚನ

ಅರ್ಥಶಾಸ್ತ್ರದ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಒಂದು ಘಟನೆ ನಮ್ಮ ವಿಭಾಗದ ಎರಡನೇ ಮಹಡಿಯಲ್ಲಿ, ಕಾಫಿ ಯಂತ್ರದ ಪಕ್ಕದಲ್ಲಿ, ಅಕ್ಟೋಬರ್ ಇಪ್ಪತ್ತರ ಮಧ್ಯಾಹ್ನ ಮೂರೂಕಾಲಿಗೆ ನಡೆಯಿತು. ಪ್ರೊಫೆಸರ್ ತರ್ಯಾನ್ ವೆಂದೆಲ್ ಅವರು ವೆರೆಬ್ ಬೊರೋಕಾ ಎಂಬ ಸಂಶೋಧನಾ ವಿದ್ಯಾರ್ಥಿನಿಗೆ ಏಕವಚನ ದಯಪಾಲಿಸಿದರು. ಅದೇ ವಾರ ಬುಡಾಪೆಸ್ಟಿನಲ್ಲಿ ಬ್ಯಾಂಕಿನವರು ಬಡ್ಡಿ ದರ ಬದಲಿಸಿದ್ದರಂತೆ. ನಮ್ಮಲ್ಲಿ ಯಾರೂ ಅದನ್ನು ಗಮನಿಸಲಿಲ್ಲ.

ಏಕವಚನ ನಮ್ಮಲ್ಲಿ ಬಾಯಿ ತಪ್ಪಿ ಬೀಳುವ ವಸ್ತುವಲ್ಲ, ಕೊಡುವ ವಸ್ತು. ದೊಡ್ಡವರು ಗ್ಲಾಸು ಎತ್ತಬೇಕು. ಇಬ್ಬರೂ ತೋಳಿಗೆ ತೋಳು ಹೆಣೆದು ಕುಡಿಯಬೇಕು, ಕೆನ್ನೆಗೆ ಕೆನ್ನೆ ತಾಗಿಸಬೇಕು. ಇದಕ್ಕೆ ಪೆರ್ತು ಕುಡಿಯುವುದು ಎನ್ನುತ್ತೇವೆ. ಆಮೇಲೆ ಸಾಯುವವರೆಗೆ ಒಬ್ಬರಿಗೊಬ್ಬರು 'ನೀನು'. ಕೊಟ್ಟವರು ವಾಪಸು ಕೇಳುವಂತಿಲ್ಲ. ಪಡೆದವರು ಬಳಸದೆ ಇಟ್ಟುಕೊಳ್ಳುವಂತೆಯೂ ಇಲ್ಲ. ಹಾಗೆ ಮಾಡಿದರೆ ಕೊಟ್ಟವರ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ.

ಅವತ್ತು ಮೇಷ್ಟ್ರ ಹೆಸರಿನ ದಿನ. ನಮ್ಮ ಕ್ಯಾಲೆಂಡರಿನಲ್ಲಿ ಒಂದೊಂದು ದಿನಕ್ಕೂ ಒಂದೊಂದು ಹೆಸರಿರುತ್ತದೆ. ಕ್ಯಾಲೆಂಡರಿನಲ್ಲಿ ವೆಂದೆಲ್ ಎಂದು ಬರೆದಿರುವ ದಿನ ಇಡೀ ವಿಭಾಗ ಅವರ ಕೊಠಡಿಯ ಮುಂದೆ ನೆರೆಯುವುದು ರೂಢಿ. ಎಲ್ಲರೂ ನೇನಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಕಚೇರಿಯ ಇರ್ಮಾ ನೇನಿ ಮನೆಯಿಂದ ಬಿಸಿ ಪೊಗಾಚಾ ಬನ್ನು ತಂದಿದ್ದಳು. ಮೂವತ್ತೆಂಟು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಆರು ಮಂದಿ ಮುಖ್ಯಸ್ಥರನ್ನು ಬೀಳ್ಕೊಟ್ಟ ಅವಳಿಗೆ ಯಾರ ಭಯವೂ ಇಲ್ಲ. ಪ್ಲಮ್ ಹಣ್ಣಿನ ಸಾರಾಯಿ ಪಾಲಿಂಕಾ ಹಂಚುವ ಕೆಲಸ ನನ್ನದು. ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ, ಸಭೆಗಳ ನಡಾವಳಿ ಬರೆಯುತ್ತೇನೆ, ಬಾಟಲಿ ಹಿಡಿಯುತ್ತೇನೆ. ಪ್ರತಿ ಜುಲೈಯಲ್ಲಿ ನನ್ನ ಒಪ್ಪಂದಕ್ಕೆ ತರ್ಯಾನ್ ವೆಂದೆಲ್ ಅವರೇ ಸಹಿ ಹಾಕುತ್ತಾರೆ.

ಮೂರನೇ ಗ್ಲಾಸಿಗೆ ಮೇಷ್ಟ್ರ ಕಣ್ಣು ಒದ್ದೆಯಾಯಿತು. ಗೋಡೆಗೊರಗಿ ಪೊಗಾಚಾ ತಿನ್ನುತ್ತಿದ್ದ ಬೊರೋಕಾಳನ್ನು ಕರೆದರು.

"ಬಾ ಇಲ್ಲಿ. ಇನ್ನೆಷ್ಟು ದಿನ ಮೇಷ್ಟ್ರೇ ಮೇಷ್ಟ್ರೇ ಅಂತೀಯ? ನಾನು ವೆಂದೆಲ್. ಕುಡಿ."

"ಅದನ್ನ ಹೆಂಗಸು ಕೊಡಬೇಕು, ಗಂಡಸಲ್ಲ," ಎಂದಳು ಇರ್ಮಾ ನೇನಿ. "ನಿಮ್ಮಮ್ಮ ಇಷ್ಟೂ ಕಲಿಸಿಲ್ವಾ?"

"ಇಲ್ಲಿ ನಾನು ದೊಡ್ಡವನು, ಇರ್ಮಾ."

"ದೊಡ್ಡವರೇನೋ ಹೌದು, ಸೊಂಟದ ಹತ್ತಿರ."

ಎಲ್ಲರೂ ನಕ್ಕರು. ಬೊರೋಕಾಳ ಗ್ಲಾಸು ಖಾಲಿ ಇತ್ತು, ನಾನು ತುಂಬಿದೆ. ತೋಳು ಹೆಣೆದರು, ಕುಡಿದರು, ಕೆನ್ನೆ ತಾಗಿಸಿದರು. ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಎದುರಾದಾಗ ಮೇಷ್ಟ್ರು ಅವಳನ್ನು ಕಂಬವನ್ನು ನೋಡುವಂತೆ ನೋಡಿ ದಾಟಿ ಹೋದರು.

ಬೊರೋಕಾಳ ವಿಷಯ ಹೇಳಬೇಕು. ಮೂವತ್ತೊಂದು ವರ್ಷ. ಒಂದು ಸಣ್ಣ ಪಟ್ಟಣದ ಪ್ರೌಢಶಾಲೆಯಲ್ಲಿ ಇದ್ದ ಖಾಯಂ ಕೆಲಸಕ್ಕೆ ರಾಜೀನಾಮೆ ಕೊಟ್ಟು ನಮ್ಮಲ್ಲಿಗೆ ಬಂದವಳು. ನಮ್ಮ ಪದ್ಧತಿಯಲ್ಲಿ ಮೊದಲ ಎರಡು ವರ್ಷ ಪಾಠ, ಆಮೇಲೆ ಸಮಗ್ರ ಪರೀಕ್ಷೆ. ಅದರಲ್ಲಿ ಎರಡು ಕ್ಷೇತ್ರ. ಒಂದು ಸೂಕ್ಷ್ಮ ಅರ್ಥಶಾಸ್ತ್ರ, ಯಾರಿಗೂ ತಪ್ಪಿದ್ದಲ್ಲ. ಇನ್ನೊಂದು ನಮ್ಮ ಇಷ್ಟದ್ದು. ಪಾಸಾದರೆ ಮುಂದಿನ ಎರಡು ವರ್ಷ ಪ್ರಬಂಧ ಬರೆಯಬಹುದು. ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾರೆ.

ಇಷ್ಟದ ಕ್ಷೇತ್ರವಾಗಿ ಎಲ್ಲರೂ ಹಣಕಾಸನ್ನೋ ಅರ್ಥಮಾಪನವನ್ನೋ ಹಿಡಿಯುವ ಕಾಲದಲ್ಲಿ ಇವಳು ಆರ್ಥಿಕ ಇತಿಹಾಸ ಹಿಡಿದಳು. ಸಹಕಾರಿ ಬೇಸಾಯದ ದಿನಗಳಲ್ಲಿ ಸರ್ಕಾರ ಕಣ್ಣು ಮುಚ್ಚಿಕೊಂಡು ಬಿಟ್ಟ ಹಿತ್ತಿಲ ತುಂಡುಗಳಲ್ಲಿ ರೈತರು ಹಂದಿ ಸಾಕಿ ಇಡೀ ದೇಶದ ಊಟದ ಮೇಜು ತುಂಬಿಸಿದ್ದರಲ್ಲ, ಅದೇ ಅವಳ ವಿಷಯ. ಮಾರ್ಗದರ್ಶಕರು ಸೋಮ್ಯಾಶ್ ಗೆದೆಯೋನ್, ಆ ಕ್ಷೇತ್ರಕ್ಕೆ ಉಳಿದಿದ್ದ ಒಬ್ಬರೇ ಮೇಷ್ಟ್ರು. ಅವರಿಗೂ ವೆಂದೆಲ್ ಅವರಿಗೂ ಹದಿನೈದು ವರ್ಷದಿಂದ ಮಾತಿಲ್ಲ, ಹಾಗಾಗಿ ಹೆಸರಿನ ದಿನಕ್ಕೆ ಬಂದಿರಲಿಲ್ಲ. ಐದು ವರ್ಷ ಸತತವಾಗಿ ಯಾರೂ ಪಾಸಾಗದ ಕ್ಷೇತ್ರವನ್ನು ಪಟ್ಟಿಯಿಂದ ತೆಗೆಯಬೇಕೆಂದು ನಿಯಮ. ಆರ್ಥಿಕ ಇತಿಹಾಸಕ್ಕೆ ಅದು ಐದನೇ ವರ್ಷ.

"ನಿನ್ನ ಹಂದಿಗಳು ಹೇಗಿವೆ?" ಎಂದು ಪಡಸಾಲೆಯಲ್ಲಿ ವೆಂದೆಲ್ ಮೇಷ್ಟ್ರು ಕೇಳುತ್ತಿದ್ದರು. ಅವರು ಎಲ್ಲ ವಿದ್ಯಾರ್ಥಿಗಳಿಗೂ 'ನೀನು' ಎನ್ನುವವರೇ. ಹಾಗಾಗಿ ಅವರ ಬಾಯಿಂದ ಏನೂ ಗೊತ್ತಾಗುವಂತಿರಲಿಲ್ಲ. ಅವರಿಗೆ ಅವತ್ತಿನದು ನೆನಪಿದೆಯೋ, ಪಾಲಿಂಕಾದ ಜೊತೆ ಇಳಿದುಹೋಯಿತೋ? 'ನೀವು' ಎಂದರೆ ಕೊಟ್ಟದ್ದನ್ನು ಒದ್ದ ಹಾಗೆ, 'ನೀನು' ಎಂದರೆ ಕೊಡದ್ದನ್ನು ಕದ್ದ ಹಾಗೆ. ಬೊರೋಕಾ ಎಂಟು ತಿಂಗಳು ಎರಡನ್ನೂ ಬಿಟ್ಟು ಮಾತಾಡಿದಳು. ಅಂಥ ವ್ಯಾಕರಣದ ಕಸರತ್ತನ್ನು ನಾನು ಬೇರೆಲ್ಲೂ ಕೇಳಿಲ್ಲ.

"ಇಲ್ಲೊಂದು ಸಹಿ ಬೇಕಾಗಿತ್ತು."

"ಕಿಟಕಿ ಮುಚ್ಚಬಹುದಾ?"

"ಪರೀಕ್ಷೆ ಯಾವತ್ತು ಅಂತ ತಿಳಿದರೆ ಅನುಕೂಲ."

ಒಮ್ಮೆ ನನ್ನ ಕೊಠಡಿಗೆ ಬಂದು ಕುರ್ಚಿಯಲ್ಲಿ ಕುಸಿದಳು. ನಾವಿಬ್ಬರೂ ಮೊದಲ ವಾರದಿಂದಲೇ ಪೆರ್ತು.

"ಚೊಂಗೊರ್, ನೀನು ಅಲ್ಲೇ ಇದ್ದೆ ತಾನೇ? ಆ ಮನುಷ್ಯ ನಿಜವಾಗ್ಲೂ ಕೊಟ್ಟನಾ, ಇಲ್ಲ ನಂಗೆ ಕನಸಾ?"

"ಕೊಟ್ರು. ನಿನ್ನ ಗ್ಲಾಸು ತುಂಬಿದ್ದೇ ನಾನು."

"ಸರಿ ಹಾಗಾದ್ರೆ. ಸಾಕ್ಷಿ ಒಬ್ಬ ಇದ್ದಾನೆ," ಎಂದು ನಕ್ಕಳು.

ಪರೀಕ್ಷೆಯ ದಿನವನ್ನು ವೆಂದೆಲ್ ಮೇಷ್ಟ್ರು ಎರಡು ಸಲ ಮುಂದೂಡಿದರು. ಒಂದು ಸಲ ಲಿಸ್ಬನ್ನಿನಲ್ಲಿ ಸಮ್ಮೇಳನ, ಇನ್ನೊಂದು ಸಲ ಹಲ್ಲು. ಕೊನೆಗೆ ಜೂನಿನ ಪರೀಕ್ಷಾ ಅವಧಿ ಮುಗಿಯುವ ದಿನವೇ ನಿಗದಿಯಾಯಿತು. ಫೇಲಾದವರು ಅದೇ ಅವಧಿಯೊಳಗೆ ಇನ್ನೊಮ್ಮೆ ಕೂರಬಹುದೆಂದು ನಿಯಮವಿದೆ. ಬೊರೋಕಾಳ ಪಾಲಿಗೆ ಆ ಅವಧಿ ಪರೀಕ್ಷೆ ಮುಗಿದ ಮೇಲೆ ಎರಡು ಗಂಟೆ ಉಳಿಯುತ್ತಿತ್ತು.

ಬಿಳಿ ಅಂಗಿ, ಕಪ್ಪು ಲಂಗ. ಪದ್ಧತಿಯಂತೆ ಸಮಿತಿಯವರಿಗೆ ಸ್ಯಾಂಡ್‌ವಿಚ್ ತಟ್ಟೆ, ಸೋಡಾ ನೀರು ಅವಳೇ ತಂದಿಟ್ಟಳು. ಅಧ್ಯಕ್ಷರು ವೆಂದೆಲ್ ಮೇಷ್ಟ್ರು. ಬಲಕ್ಕೆ ಲಾಜಾರ್ ಬೆನ್ಯಾಮಿನ್, ನಮ್ಮವನೇ; ಅಧ್ಯಕ್ಷರು ಕೆಮ್ಮಿದರೆ ತಾನೂ ಗಂಟಲು ಸರಿಮಾಡಿಕೊಳ್ಳುವವನು. ಎಡಕ್ಕೆ ಹೊರಗಿನ ಸದಸ್ಯೆ ಹಲ್ಮೋಶ್ ಎತೆಲ್ಕಾ, ಬುಡಾಪೆಸ್ಟಿನಿಂದ ಬೆಳಗಿನ ರೈಲಿಗೆ ಬಂದವರು, ನಿಯಮಾವಳಿಯನ್ನು ಮುದ್ರಿಸಿ ಹೊಲಿಸಿ ತಂದವರು. ಗೆದೆಯೋನ್ ಹಿಂದಿನ ಬೆಂಚಿನಲ್ಲಿ ಕೂತರು. ಮಾರ್ಗದರ್ಶಕರಿಗೆ ಕೂರುವ ಹಕ್ಕಿದೆ, ಅಂಕ ಹಾಕುವ ಹಕ್ಕಿಲ್ಲ. ನಡಾವಳಿ ಬರೆಯಲು ನಾನು ಮೇಜಿನ ತುದಿಯಲ್ಲಿದ್ದೆ.

ಇತಿಹಾಸದ ಭಾಗ ಚೆನ್ನಾಗಿ ಹೋಯಿತು. ಹಂದಿಗಳ ಬಗ್ಗೆ ಎತೆಲ್ಕಾ ಮೇಡಂ ನಾಲ್ಕು ಪ್ರಶ್ನೆ ಕೇಳಿ ನಾಲ್ಕು ಉತ್ತರವನ್ನೂ ಬರೆದುಕೊಂಡರು. ಆಮೇಲೆ ಸೂಕ್ಷ್ಮ ಅರ್ಥಶಾಸ್ತ್ರದ ಪ್ರಶ್ನೆ ಚೀಟಿ ಎತ್ತುವ ಸರದಿ. ಬೊರೋಕಾ ಏಳನೇ ಚೀಟಿ ಎತ್ತಿದಳು.

ಏಳನೇ ಚೀಟಿಯ ಕಥೆ ನಮಗೆಲ್ಲ ಗೊತ್ತು. ಒಂದು ಸಾಮಾನಿನ ಬೆಲೆ ಏರಿದಾಗ ಕೊಳ್ಳುವವನು ಬೇರೆ ಸಾಮಾನಿನತ್ತ ವಾಲುತ್ತಾನೆ, ಜೊತೆಗೆ ಅಷ್ಟರ ಮಟ್ಟಿಗೆ ಬಡವನೂ ಆಗುತ್ತಾನೆ. ಆ ಬಡತನದ ತುಂಡಿನ ಮುಂದೆ ಕಳೆಯುವ ಚಿಹ್ನೆ ಬರಬೇಕು. ಚೀಟಿಯಲ್ಲಿ ಕೂಡುವ ಚಿಹ್ನೆ ಇದೆ. ಹನ್ನೊಂದು ವರ್ಷದ ಹಿಂದೆ ವೆಂದೆಲ್ ಮೇಷ್ಟ್ರು ಸ್ವತಃ ಟೈಪು ಮಾಡಿದ್ದು. ಅಲ್ಲಿಂದೀಚೆಗೆ ಅದನ್ನು ಎತ್ತಿದವರೆಲ್ಲ ತುಟಿ ಪಿಟಕ್ಕೆನ್ನದೆ, ಬೋರ್ಡಿನ ಮೇಲೆ ಸರಿಯಾದ ಚಿಹ್ನೆ ಹಾಕಿ, ಅದನ್ನು ಮೈಯಿಂದ ಮರೆಮಾಡಿ ನಿಂತು ಪಾಸಾಗಿದ್ದಾರೆ. ನಾನೂ ಹಾಗೇ ಪಾಸಾದವನು. ಇದನ್ನು ಬೊರೋಕಾಳಿಗೆ ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಅವಳು ಆರು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದವಳು.

ಬೋರ್ಡಿನ ಮುಂದೆ ನಿಂತು ಚೀಟಿ ನೋಡಿದಳು, ಬೋರ್ಡು ನೋಡಿದಳು.

"ಯಾಕೆ ನಿಂತೆ? ಮುಂದಕ್ಕೆ ಹೋಗು," ಎಂದರು ಅಧ್ಯಕ್ಷರು.

"ಇಲ್ಲೊಂದು ಚಿಹ್ನೆ ಹೊಂದ್ತಾ ಇಲ್ಲ."

"ಚೀಟಿ ಸರಿಯಾಗೇ ಇದೆ. ಹನ್ನೊಂದು ವರ್ಷದಿಂದ ಸರಿಯಾಗೇ ಇದೆ."

"ಹೀಗೇ ಬಿಟ್ರೆ ಬೆಲೆ ಏರಿದ ಹಾಗೆಲ್ಲ ಜನ ಸಾಹುಕಾರರಾಗ್ತಾರೆ."

"ನಿನ್ನ ಹಂದಿಗಳಿಗೆ ಲೆಕ್ಕ ಬರದೆ ಇರಬಹುದು. ಅದಕ್ಕೆ ಚೀಟಿ ಏನು ಮಾಡುತ್ತೆ?"

ಲಾಜಾರ್ ನಕ್ಕ. ಬೊರೋಕಾಳ ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ಎಂಟು ತಿಂಗಳ ಕಸರತ್ತು ಆ ಒಂದು ಕ್ಷಣದಲ್ಲಿ ಕೈಬಿಟ್ಟಿತು.

"ಇಲ್ಲ ವೆಂದೆಲ್, ನೀನೇ ತಪ್ಪು ಬರೆದಿದ್ದೀಯ. ಇಲ್ಲಿ ಕಳೆಯೋದು ಬರಬೇಕು, ನೋಡು."

ಕಿಟಕಿಯ ಹೊರಗೆ ಟ್ರಾಮು ತಿರುವಿನಲ್ಲಿ ಕಿರುಗುಟ್ಟಿದ್ದು ಕೇಳಿಸಿತು. ಲಾಜಾರನ ಕೈಯ ಸ್ಯಾಂಡ್‌ವಿಚ್ ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ಎತೆಲ್ಕಾ ಮೇಡಂ ಚೀಟಿಯನ್ನು ಎಳೆದುಕೊಂಡು ಕನ್ನಡಕ ಏರಿಸಿ ಓದಿದರು.

"ಅಭ್ಯರ್ಥಿ ಹೇಳಿದ್ದು ಸರಿ. ಕಳೆಯೋದೇ ಬರಬೇಕು," ಎಂದರು. ಆಮೇಲೆ ಚೀಟಿಯನ್ನು ಮೇಜಿನ ಮೇಲೆ ಅಂಗಾತ ಇಟ್ಟು, "ಮಿಕ್ಕದ್ದನ್ನ ಬಾಗಿಲು ಹಾಕಿಕೊಂಡು ಮಾತಾಡೋಣ," ಎಂದರು.

ಬೊರೋಕಾ, ಗೆದೆಯೋನ್ ಇಬ್ಬರೂ ಹೊರಗೆ ಹೋದರು. ನಾನು ಪೆನ್ನು ಹಿಡಿದು ಕೂತೆ.

"ಅಧ್ಯಕ್ಷರೇ, ಆ ಹುಡುಗಿ ಜೊತೆ ನೀವು ಪೆರ್ತು ಕುಡಿದಿದ್ದೀರಾ?" ಎತೆಲ್ಕಾ ಮೇಡಂ ನಿಯಮಾವಳಿಯ ಹಾಳೆ ತಿರುವುತ್ತಲೇ ಕೇಳಿದರು.

"ನಾನಾ? ವಿದ್ಯಾರ್ಥಿನಿ ಜೊತೆನಾ?"

"ನಾಚಿಕೊಳ್ಳೋ ವಿಷಯ ಏನಲ್ಲ. ಹೌದಾದ್ರೆ, ನಿಕಟ ಪರಿಚಯ ಇರೋರು ಸಮಿತಿಯಲ್ಲಿ ಕೂರಬಾರದು, ಹದಿನಾಲ್ಕನೇ ಕಲಮು. ಪರೀಕ್ಷೆ ರದ್ದು. ಸೆಪ್ಟೆಂಬರಿನಲ್ಲಿ ಬೇರೆ ಅಧ್ಯಕ್ಷರ ಕೆಳಗೆ ಹೊಸದಾಗಿ ಮಾಡೋಣ, ಯಾರಿಗೂ ನಷ್ಟ ಇಲ್ಲ. ಇಲ್ಲವಾದ್ರೆ ಈಗಲೇ ಅಂಕ ಹಾಕೋಣ. ಯಾವುದು ಅಂತ ಹೇಳಿ ಅಷ್ಟೆ."

ವೆಂದೆಲ್ ಮೇಷ್ಟ್ರು ಸೋಡಾ ಕುಡಿದರು. ಕುಡಿದು ಕೊಟ್ಟೆ ಎಂದರೆ ಕೊಟ್ಟವರು ಅವರು, ಚಿಹ್ನೆ ತಪ್ಪಿದವರೂ ಅವರು. ಬುಡಾಪೆಸ್ಟಿಗೆ ಸಂಜೆಯೊಳಗೆ ಎರಡೂ ಸುದ್ದಿ ತಲುಪುತ್ತವೆ.

"ನನಗೆ ಅಂಥದ್ದೇನೂ ನೆನಪಿಲ್ಲ," ಎಂದರು. "ಲಾಜಾರ್?"

"ನಾನು ಅವತ್ತು ಪೊಗಾಚಾ ಕಡೆ ಇದ್ದೆ," ಎಂದ ಲಾಜಾರ್. ಯಾವತ್ತು ಎಂದು ಯಾರೂ ಕೇಳಿರಲಿಲ್ಲ. ಎತೆಲ್ಕಾ ಮೇಡಂ ತಲೆಯೆತ್ತಿ ಅವನನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

"ನೀವು? ನೀವೂ ಇದೇ ವಿಭಾಗದವರು ತಾನೇ?"

"ಚೊಂಗೊರ್ ಎಲ್ಲ ಕಡೆನೂ ಇರ್ತಾನೆ," ಎಂದರು ವೆಂದೆಲ್ ಮೇಷ್ಟ್ರು, ಪ್ರೀತಿಯಿಂದಲೇ. "ಹೇಳಪ್ಪ. ನೀನು ಏನಾದ್ರೂ ನೋಡಿದ್ಯಾ?"

ಜೂನ್ ಇಪ್ಪತ್ತೇಳು. ನನ್ನ ಒಪ್ಪಂದಕ್ಕೆ ಇನ್ನು ನಾಲ್ಕು ದಿನ.

"ನಾನು ಪಾಲಿಂಕಾ ಹಂಚ್ತಾ ಇದ್ದೆ," ಎಂದೆ. "ನೋಡಲಿಲ್ಲ."

"ಹಾಗಾದ್ರೆ ಅಂಕ ಹಾಕೋಣ," ಎಂದರು ಎತೆಲ್ಕಾ ಮೇಡಂ.

ಒಬ್ಬೊಬ್ಬರಿಗೆ ಐದು ಅಂಕ, ಪಾಸಿಗೆ ಒಂಬತ್ತು ಬೇಕು. ಎತೆಲ್ಕಾ ಮೇಡಂ ಐದಕ್ಕೆ ಐದು ಹಾಕಿ ಮಡಚಿದರು. ವೆಂದೆಲ್ ಮೇಷ್ಟ್ರು ಪೆನ್ಸಿಲಿನಲ್ಲಿ ನಾಲ್ಕು ಬರೆದದ್ದನ್ನು ನಾನು ಕಂಡೆ. ಸ್ವಲ್ಪ ಹೊತ್ತು ನೋಡಿದರು. ನಿಕಟ ಪರಿಚಯ ಇಲ್ಲದವಳಿಂದ ಮುಖದ ಮೇಲೆ 'ನೀನು' ಅನ್ನಿಸಿಕೊಂಡವರು ನಾಲ್ಕು ಹಾಕುತ್ತಾರೆಯೇ? ರಬ್ಬರಿನಿಂದ ಉಜ್ಜಿ ಒಂದು ಬರೆದರು, ಶಾಯಿಯಲ್ಲಿ. ಲಾಜಾರ್ ಓರೆಗಣ್ಣಿನಲ್ಲಿ ಅದನ್ನು ನೋಡಿ, ತನಗೂ ಸ್ವಂತ ಅಭಿಪ್ರಾಯವಿದೆ ಎಂದು ತೋರಿಸಲು ಎರಡು ಬರೆದ.

ಒಟ್ಟು ಎಂಟು. ಎತೆಲ್ಕಾ ಮೇಡಂ ಎರಡು ಸಲ ಕೂಡಿ ನೋಡಿದರು. "ವಿಚಿತ್ರ," ಎಂದಷ್ಟೇ ಹೇಳಿ, ತಮ್ಮ ರೈಲಿನ ಸಮಯ ವಿಚಾರಿಸಿದರು.

ನಡಾವಳಿಯಲ್ಲಿ ನಾನು ಹೀಗೆ ಬರೆದೆ: 'ಅಭ್ಯರ್ಥಿಯು ಏಳನೇ ಚೀಟಿಯಲ್ಲಿನ ಒಂದು ಚಿಹ್ನೆಯ ಕುರಿತು ಅಧ್ಯಕ್ಷರ ಗಮನ ಸೆಳೆದರು.' ನಮ್ಮ ಕಡತದ ಭಾಷೆಯಲ್ಲಿ ಎಲ್ಲರೂ ಬಹುವಚನ.

ಫಲಿತಾಂಶ ಓದುವಾಗ ಬೊರೋಕಾ ನಿಂತೇ ಕೇಳಿದಳು. ಗೆದೆಯೋನ್ ತಮ್ಮ ಹ್ಯಾಟನ್ನು ಬೆಂಚಿನ ಮೇಲೆ ಹುಡುಕುತ್ತಿದ್ದರು. ಅದು ಅವರ ಕೈಯಲ್ಲೇ ಇತ್ತು. ಇರ್ಮಾ ನೇನಿ ಉಳಿದ ಸ್ಯಾಂಡ್‌ವಿಚ್ ಎತ್ತಿಕೊಂಡು ಹೋಗಲು ಬಂದವಳು ಬಾಗಿಲ ಹೊರಗೆ ನನ್ನ ತೋಳು ಹಿಡಿದಳು.

"ಅವತ್ತು ಅವಳ ಗ್ಲಾಸು ತುಂಬಿದ್ದು ನೀನೇ ಅಲ್ವೇನೋ?"

"ನೇನಿ, ಅದೆಲ್ಲ ಈಗ ಯಾಕೆ?"

"ಯಾಕೂ ಇಲ್ಲ. ಒಳಗೆ ಯಾರೂ ನನ್ನ ಕೇಳಲಿಲ್ಲ ನೋಡು, ಅದಕ್ಕೆ," ಎಂದು ತಟ್ಟೆ ಎತ್ತಿಕೊಂಡು ಹೋದಳು.

ಮೆಟ್ಟಿಲ ಹತ್ತಿರ ಬೊರೋಕಾ ಕಾಯುತ್ತಿದ್ದಳು. ಕಣ್ಣು ಒಣಗಿತ್ತು. ಒಳಗೆ ಯಾರು ಏನು ಹೇಳಿದರೆಂದು ಲಾಜಾರ್ ಆಗಲೇ ಅವಳಿಗೆ ಹೇಳಿಯಾಗಿತ್ತು, ಸಮಾಧಾನ ಮಾಡಲೆಂದು. ನಾನು ಬಾಯಿ ತೆರೆಯುವ ಮೊದಲೇ ಅವಳು ಮಾತಾಡಿದಳು.

"ನಡಾವಳಿಯ ಒಂದು ಪ್ರತಿ ನನಗೆ ಬೇಕು. ನೀವು ಯಾವಾಗ ಕೊಡ್ತೀರಿ?"

"ಬೊರೋಕಾ, ನೀನು..."

"ಸೋಮವಾರ ಆಗುತ್ತಾ ನಿಮಗೆ?"

ಆಗುತ್ತೆ ಎಂದೆ. "ಧನ್ಯವಾದ, ಮೇಷ್ಟ್ರೇ," ಎಂದು ಇಳಿದು ಹೋದಳು.

ನನ್ನ ಒಪ್ಪಂದ ಜುಲೈ ಒಂದರಂದು ನವೀಕರಣವಾಯಿತು. ಏಳನೇ ಚೀಟಿಯಲ್ಲಿ ಕೂಡುವ ಚಿಹ್ನೆ ಹಾಗೇ ಇದೆ. ಸೆಪ್ಟೆಂಬರಿನಿಂದ ಆರ್ಥಿಕ ಇತಿಹಾಸ ಪಟ್ಟಿಯಲ್ಲಿಲ್ಲ.